ಡೀಸೆಲ್ ಎಂಬುದು ಒಬ್ಬ ಮನುಷ್ಯನ ಹೆಸರು

ಬೆಳಗಾದರೆ ನಮ್ಮೆಲ್ಲರ ಕಿವಿಗೆ ಬೀಳುವ ಹೆಸರು ಡೀಸೆಲ್. ಕಾಸರಗೋಡಿನಿಂದ ಮಂಗಳೂರಿಗೆ ಓಡುವ ಬಸ್ಸಿಗೂ ಅದೇ ಬೇಕು, ಕಡಲಿಗಿಳಿಯುವ ಮೀನಿನ ಬೋಟಿಗೂ ಅದೇ ಬೇಕು. ಅದರ ಬೆಲೆ ಏರಿದರೆ ಅಕ್ಕಿಯ ಬೆಲೆಯೂ ಏರುತ್ತದೆಂದು ಅಂಗಡಿಯವರು ಹೇಳುತ್ತಾರೆ. ಅಡಿಕೆ ತೋಟಕ್ಕೆ ನೀರು ಹಾಯಿಸುತ್ತಿದ್ದ ಡೀಸೆಲ್ ಪಂಪನ್ನು ನಮ್ಮ ಬಾಲ್ಯದಲ್ಲಿ ಇಂಜಿನು ಎಂದಷ್ಟೇ ಕರೆಯುತ್ತಿದ್ದೆವು. ಹಿಡಿ ತಿರುಗಿಸಿ ಅದನ್ನು ಚಾಲೂ ಮಾಡುವುದೇ ಮನೆಯ ಗಂಡಸರಿಗೆ ಒಂದು ಸಾಹಸವಾಗಿತ್ತು. ಆದರೆ ಡೀಸೆಲ್ ಎಂಬುದು ಮೊದಲು ಎಣ್ಣೆಯ ಹೆಸರಾಗಿರಲಿಲ್ಲ. ಒಬ್ಬ ಮನುಷ್ಯನ ಹೆಸರಾಗಿತ್ತು ಎಂಬುದನ್ನು ಬಲ್ಲವರು ನಮ್ಮಲ್ಲಿ ಕಡಿಮೆ.

ಆ ಮನುಷ್ಯನ ಬಗ್ಗೆ ಬರೆಯಲು ನಮಗೆ ಇನ್ನೊಂದು ಕಾರಣವೂ ಇದೆ. 2015ರಿಂದೀಚೆಗೆ ನಮ್ಮ ದೇಶದಲ್ಲಿ ಆಗಸ್ಟ್ 10ನ್ನು ಜೈವಿಕ ಇಂಧನ ದಿನವೆಂದು ಆಚರಿಸಲಾಗುತ್ತಿದೆ. ಕೆಲವು ವರ್ಷಗಳ ಹಿಂದೆ ಆ ದಿನ ನಾವು ಮಕ್ಕಳ ಮುಂದೆ ಮಾತನಾಡುತ್ತ, 1893ರ ಆಗಸ್ಟ್ 10ರಂದು ರುಡಾಲ್ಫ್ ಡೀಸೆಲ್ ತನ್ನ ಯಂತ್ರವನ್ನು ನೆಲಗಡಲೆ ಎಣ್ಣೆಯಿಂದ ಓಡಿಸಿದನೆಂದು ಧೈರ್ಯವಾಗಿ ಹೇಳಿದೆವು. ಸಭೆ ಮುಗಿದ ಮೇಲೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಬಂದು, ಅದನ್ನು ಯಾವ ಪುಸ್ತಕದಲ್ಲಿ ಓದಿದಿರಿ ಎಂದು ಕೇಳಿದಳು. ನಮ್ಮಲ್ಲಿ ಉತ್ತರವಿರಲಿಲ್ಲ. ಎಲ್ಲರೂ ಹೇಳುವುದನ್ನು ನಾವೂ ಹೇಳಿದ್ದೆವು, ಅಷ್ಟೇ. ಆಮೇಲೆ ಹುಡುಕಿ ಓದಿದಾಗ ನಾವು ಹೇಳಿದ್ದು ತಪ್ಪೆಂದು ತಿಳಿಯಿತು. ನಿಜವಾದ ಕಥೆ ಬೇರೆಯೇ ಇದೆ. ಅದನ್ನು ಈ ಅಂಕಣದಲ್ಲಿ ನಮ್ಮ ಓದುಗರ ಮುಂದಿಡುತ್ತಿದ್ದೇವೆ.

ಗಡಿ ದಾಟಿದ ಬಾಲಕ

ರುಡಾಲ್ಫ್ ಡೀಸೆಲ್ ಹುಟ್ಟಿದ್ದು 1858ರ ಮಾರ್ಚ್ 18ರಂದು ಫ್ರಾನ್ಸಿನ ಪ್ಯಾರಿಸ್ ನಗರದಲ್ಲಿ. ಆದರೆ ತಂದೆ ತಾಯಿ ಫ್ರೆಂಚರಲ್ಲ, ಜರ್ಮನಿಯ ಬವೇರಿಯಾ ಪ್ರಾಂತದವರು. ತಂದೆ ಥಿಯೊಡೋರ್ ಆಗ್ಸ್‌ಬರ್ಗ್ ಊರಿನವನು. ಪುಸ್ತಕದ ರಟ್ಟು ಕಟ್ಟುವ ಕಸುಬು ಕಲಿತು, ಪ್ಯಾರಿಸಿಗೆ ಬಂದು ಚರ್ಮದ ಸಾಮಾನು ತಯಾರಿಸುತ್ತಿದ್ದನು. ತಾಯಿ ಎಲೀಸ್ ನ್ಯೂರೆಂಬರ್ಗ್ ಊರಿನವಳು. ಮೂವರು ಮಕ್ಕಳಲ್ಲಿ ರುಡಾಲ್ಫ್ ಎರಡನೆಯವನು. ತಯಾರಾದ ಸಾಮಾನನ್ನು ಕೈಗಾಡಿಯಲ್ಲಿ ಹೇರಿಕೊಂಡು ಗಿರಾಕಿಗಳ ಮನೆಗೆ ಮುಟ್ಟಿಸುವ ಕೆಲಸ ಹುಡುಗನದಾಗಿತ್ತು. ಬಿಡುವು ಸಿಕ್ಕಿದಾಗ ಯಂತ್ರಗಳ ವಸ್ತುಸಂಗ್ರಹಾಲಯಕ್ಕೆ ಹೋಗಿ ಹಳೆಯ ಉಗಿಯಂತ್ರಗಳನ್ನು ನೋಡುವುದೆಂದರೆ ಅವನಿಗೆ ಬಲು ಇಷ್ಟ. ಶಾಲೆಯಲ್ಲಿಯೂ ಜಾಣನೆನಿಸಿ ಕಂಚಿನ ಪದಕ ಗಳಿಸಿದ್ದನು.

1870ರಲ್ಲಿ ಫ್ರಾನ್ಸಿಗೂ ಪ್ರಷ್ಯಾಕ್ಕೂ ಯುದ್ಧ ಹತ್ತಿತು. ಪ್ಯಾರಿಸಿನಲ್ಲಿ ನೆಲೆಸಿದ್ದ ಜರ್ಮನ್ ಮಂದಿಯೆಲ್ಲ ಒಮ್ಮೆಲೇ ಪರಕೀಯರಾದರು. ಡೀಸೆಲ್ ಕುಟುಂಬ ಕಟ್ಟಿಕೊಂಡ ಬದುಕನ್ನು ಬಿಟ್ಟು ಲಂಡನಿಗೆ ಹೊರಡಬೇಕಾಯಿತು. ಅಲ್ಲಿ ಸ್ವಲ್ಪ ಕಾಲ ಇಂಗ್ಲಿಷ್ ಶಾಲೆಗೆ ಹೋದ ಹುಡುಗನನ್ನು, ಯುದ್ಧ ಮುಗಿಯುವ ಮೊದಲೇ, ಆಗ್ಸ್‌ಬರ್ಗಿನಲ್ಲಿದ್ದ ಬಂಧುಗಳ ಮನೆಗೆ ಕಳುಹಿಸಿದರು. ಹನ್ನೆರಡು ವರ್ಷದ ಬಾಲಕ ಒಬ್ಬನೇ ಹೋಗಿ ಸೇರಿದನು. ಹೆತ್ತವರ ನುಡಿಯಾದ ಜರ್ಮನನ್ನು ಚೆನ್ನಾಗಿ ಕಲಿಯಬೇಕೆಂಬುದೇ ಅವನನ್ನು ಅಲ್ಲಿಗೆ ಕಳುಹಿಸಿದ ಉದ್ದೇಶಗಳಲ್ಲಿ ಒಂದಾಗಿತ್ತು. ಮನೆಯಲ್ಲಿ ತುಳುವನ್ನೋ ಹವ್ಯಕ ಕನ್ನಡವನ್ನೋ ಆಡಿ, ಪೇಟೆಯಲ್ಲಿ ಮಲಯಾಳದಲ್ಲಿ ವ್ಯವಹರಿಸಿ, ಶಾಲೆಯಲ್ಲಿ ಕನ್ನಡ ಓದುವ ನಮ್ಮ ಮಕ್ಕಳಿಗೆ ಇಂಥ ಹುಡುಗನ ಪಾಡು ಅಪರಿಚಿತವೇನಲ್ಲ. ಫ್ರೆಂಚ್, ಇಂಗ್ಲಿಷ್, ಜರ್ಮನ್ ಮೂರೂ ಅವನಿಗೆ ಮುಂದೆ ಚೆನ್ನಾಗಿ ಒದಗಿ ಬಂದವು.

ಆಶ್ರಯ ಕೊಟ್ಟ ಬಂಧು ಅಲ್ಲಿಯ ಕೈಗಾರಿಕಾ ಶಾಲೆಯಲ್ಲಿ ಗಣಿತದ ಅಧ್ಯಾಪಕ. ಹದಿನಾಲ್ಕನೆಯ ವಯಸ್ಸಿನಲ್ಲಿಯೇ ರುಡಾಲ್ಫ್ ತಾನು ಇಂಜಿನಿಯರ್ ಆಗುವೆನೆಂದು ತಂದೆ ತಾಯಿಗೆ ಕಾಗದ ಬರೆದನು. 1873ರಲ್ಲಿ ತರಗತಿಗೆ ಮೊದಲಿಗನಾಗಿ ತೇರ್ಗಡೆ ಹೊಂದಿದನು. 1875ರಲ್ಲಿ ಮ್ಯೂನಿಕ್ ನಗರದ ಪಾಲಿಟೆಕ್ನಿಕ್ ಅವನಿಗೆ ವಿದ್ಯಾರ್ಥಿವೇತನ ನೀಡಿತು. ಮಗ ಬೇಗ ದುಡಿಯತೊಡಗಲಿ ಎಂಬುದು ಬಡತನದಲ್ಲಿದ್ದ ಹೆತ್ತವರ ಆಸೆ. ಅದನ್ನು ಮೀರಿ ಅವನು ಓದಲು ಹೋದನು.

ಪಾಠದ ನಡುವೆ ಹೊಳೆದದ್ದು

ಮ್ಯೂನಿಕ್ಕಿನಲ್ಲಿ ಅವನಿಗೆ ಸಿಕ್ಕಿದ ಗುರು ಕಾರ್ಲ್ ಲಿಂಡೆ. ಯಂತ್ರದಿಂದ ತಂಪು ಉಂಟುಮಾಡಿ ಮಂಜುಗಡ್ಡೆ ತಯಾರಿಸುವ ವಿದ್ಯೆಯಲ್ಲಿ ಆತ ಹೆಸರುವಾಸಿ. ಒಂದು ದಿನ ಪಾಠ ಮಾಡುತ್ತ ಲಿಂಡೆ, ಉಗಿಯಂತ್ರವು ತಾನು ಸುಟ್ಟ ಕಲ್ಲಿದ್ದಲ ಶಾಖದಲ್ಲಿ ನೂರಕ್ಕೆ ಆರರಿಂದ ಹತ್ತು ಪಾಲನ್ನು ಮಾತ್ರ ಕೆಲಸಕ್ಕೆ ತಿರುಗಿಸುತ್ತದೆ, ಉಳಿದದ್ದೆಲ್ಲ ವ್ಯರ್ಥ ಎಂದು ವಿವರಿಸಿದನು. ಇಷ್ಟೊಂದು ಪೋಲಾಗುವುದನ್ನು ತಡೆಯುವ ಯಂತ್ರವೊಂದನ್ನು ಮಾಡಬಾರದೇಕೆ ಎಂಬ ಯೋಚನೆ ಆ ವಿದ್ಯಾರ್ಥಿಯ ತಲೆಯನ್ನು ಹೊಕ್ಕಿತು. ಮುಂದೆ ಹದಿನೈದು ವರ್ಷ ಅದು ಅವನನ್ನು ಬಿಡಲಿಲ್ಲ.

1879ರಲ್ಲಿ ಅಂತಿಮ ಪರೀಕ್ಷೆಯ ವೇಳೆಗೆ ಅವನಿಗೆ ವಿಷಮಶೀತಜ್ವರ ಬಂದಿತು. ಮತ್ತೆ ಪರೀಕ್ಷೆ ನಡೆಯುವ ತನಕ ಸ್ವಿಟ್ಜರ್ಲೆಂಡಿನ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡಿ, 1880ರ ಜನವರಿಯಲ್ಲಿ ಉನ್ನತ ಶ್ರೇಣಿಯಲ್ಲಿ ಉತ್ತೀರ್ಣನಾದನು. ಅಲ್ಲಿಂದ ಗುರುವಿನ ಮಂಜುಗಡ್ಡೆ ಕಾರ್ಖಾನೆಯ ಕೆಲಸಕ್ಕಾಗಿ ಮತ್ತೆ ಪ್ಯಾರಿಸಿಗೆ ಹೋಗಿ, ಒಂದೇ ವರ್ಷದಲ್ಲಿ ಮೇಲ್ವಿಚಾರಕನಾದನು. 1883ರಲ್ಲಿ ಮಾರ್ಥಾ ಎಂಬವಳನ್ನು ವರಿಸಿದನು. ಇಬ್ಬರು ಗಂಡು, ಒಬ್ಬಳು ಹೆಣ್ಣು ಹೀಗೆ ಮೂವರು ಮಕ್ಕಳಾದರು. ಹಗಲು ಮಂಜುಗಡ್ಡೆಯ ಕೆಲಸ; ಉಳಿದ ಹೊತ್ತು ಹೊಸ ಯಂತ್ರದ ಚಿಂತೆ. ಉಗಿಯ ಬದಲು ಅಮೋನಿಯ ಅನಿಲದಿಂದ ಯಂತ್ರ ನಡೆಸಲು ವರ್ಷಗಟ್ಟಲೆ ಹೆಣಗಿದನು. ಅದು ಕೈಗೂಡಲಿಲ್ಲ. 1890ರಲ್ಲಿ ಸಂಸಾರ ಸಮೇತ ಬರ್ಲಿನಿಗೆ ಹೋದನು.

ಕೊನೆಗೆ ಹೊಳೆದ ದಾರಿ ಸರಳವಾದದ್ದು. ಸೈಕಲಿಗೆ ಗಾಳಿ ಹಾಕುವಾಗ ಪಂಪಿನ ಬುಡ ಬಿಸಿಯಾಗುವುದನ್ನು ಎಲ್ಲ ಮಕ್ಕಳೂ ಬಲ್ಲರು. ಗಾಳಿಯನ್ನು ಒತ್ತಿದಷ್ಟೂ ಅದು ಕಾಯುತ್ತದೆ. ಒಂದು ಗಟ್ಟಿ ಸಿಲಿಂಡರಿನೊಳಗೆ ಬರಿಯ ಗಾಳಿಯನ್ನು ಬಲವಾಗಿ ಒತ್ತಿ, ಅದು ಕೆಂಡದಂತೆ ಕಾದಾಗ ತುಸು ಎಣ್ಣೆಯನ್ನು ಒಳಕ್ಕೆ ಚಿಮುಕಿಸಿದರೆ, ಕಿಡಿಯ ಹಂಗಿಲ್ಲದೆ ಎಣ್ಣೆ ತಾನಾಗಿ ಹೊತ್ತಿಕೊಳ್ಳುತ್ತದೆ. ಆ ಉರಿಯ ರಭಸಕ್ಕೆ ಪಿಸ್ಟನ್ ಕೆಳಗೆ ತಳ್ಳಲ್ಪಟ್ಟು ಚಕ್ರ ತಿರುಗುತ್ತದೆ. ಇಂಥ ಯಂತ್ರಕ್ಕೆ ಹಗುರವಾಗಿ ಆವಿಯಾಗುವ ಪೆಟ್ರೋಲೇ ಆಗಬೇಕೆಂದಿಲ್ಲ. ಉರಿಯಬಲ್ಲ ದಪ್ಪ ಎಣ್ಣೆಯೂ ಸಾಕು. ಮುಂದೆ ನಾವು ಹೇಳಲಿರುವುದಕ್ಕೆಲ್ಲ ಇದೇ ಮೂಲ.

ಆಗಸ್ಟ್ 10ರಂದು ಆದದ್ದೇನು?

1892ರಲ್ಲಿ ಅರ್ಜಿ ಹಾಕಿ 1893ರ ಫೆಬ್ರವರಿಯಲ್ಲಿ ಅವನು ಪೇಟೆಂಟ್ ಪಡೆದನು. ಆಗ್ಸ್‌ಬರ್ಗಿನ ಯಂತ್ರ ಕಾರ್ಖಾನೆಯೂ ಕ್ರುಪ್ ಎಂಬ ಉಕ್ಕಿನ ಕಂಪೆನಿಯೂ ಬೆಂಬಲಕ್ಕೆ ನಿಂತವು. ಹುಡುಗನಾಗಿ ಒಬ್ಬಂಟಿ ಬಂದಿಳಿದ ಅದೇ ಊರಿನಲ್ಲಿ ಮೊದಲ ಯಂತ್ರ ಸಿದ್ಧವಾಯಿತು. 1893ರ ಆಗಸ್ಟ್ 10ರಂದು ಅದರೊಳಗೆ ಮೊದಲ ಸಲ ಇಂಧನ ಹೊತ್ತಿಕೊಂಡಿತು. ಆದರೆ ಒತ್ತಡ ಅಳೆಯುವ ಉಪಕರಣ ಸಿಡಿದು ಚೂರಾಯಿತು. ಬಳಿಯಲ್ಲಿದ್ದವರು ಉಳಿದದ್ದೇ ಪುಣ್ಯ. ಅಂದು ಬಳಸಿದ್ದು ನೆಲಗಡಲೆ ಎಣ್ಣೆಯಲ್ಲ, ಪೆಟ್ರೋಲ್ ಜಾತಿಯ ಹಗುರ ಎಣ್ಣೆ. ಯಂತ್ರ ಅಂದು ತನ್ನ ಬಲದಿಂದ ಓಡಲೂ ಇಲ್ಲ. 1894ರ ಫೆಬ್ರವರಿ 17ರಂದು ಅದು ಮೊದಲ ಬಾರಿಗೆ ತಾನಾಗಿ ಓಡಿತು, ಅದೂ ಸುಮಾರು ಒಂದು ನಿಮಿಷ ಮಾತ್ರ.

ಅದಕ್ಕೆ ಸರಿಯಾಗಿ ಮೂರು ವರ್ಷ ಕಳೆದು, 1897ರ ಫೆಬ್ರವರಿ 17ರಂದು ಮ್ಯೂನಿಕ್ಕಿನ ಪ್ರಾಧ್ಯಾಪಕ ಮೊರಿಟ್ಜ್ ಶ್ರೋಟರ್ ಹೊಸ ಯಂತ್ರವನ್ನು ಪರೀಕ್ಷಿಸಿದನು. ಅದು ಸುಡುತ್ತಿದ್ದುದು ನಮ್ಮ ಕಡೆಯವರು ಚಿಮಿಣಿ ಎಣ್ಣೆ ಎನ್ನುವ ದೀಪದೆಣ್ಣೆಯನ್ನು. ಶಾಖದಲ್ಲಿ ನೂರಕ್ಕೆ 26.2 ಪಾಲು ಕೆಲಸವಾಗಿ ಬದಲಾಗುತ್ತಿತ್ತು. ಸಾಮಾನ್ಯ ಉಗಿಯಂತ್ರಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಪಾಠದ ಕೊಠಡಿಯಲ್ಲಿ ಹುಟ್ಟಿದ ಪ್ರಶ್ನೆಗೆ ಹೀಗೆ ಉತ್ತರ ಸಿಕ್ಕಿತು.

ಒಂದು ಮಾತನ್ನು ಇಲ್ಲಿ ಮುಚ್ಚಿಡಬಾರದು. ಮೊದಲ ಪೇಟೆಂಟಿನಲ್ಲಿ ಅವನು ಬರೆದ ಲೆಕ್ಕದಂತೆ ಯಂತ್ರ ಓಡುವುದು ಸಾಧ್ಯವಿರಲಿಲ್ಲ. ಅದನ್ನರಿತು ಅವನು ತನ್ನ ವಿಚಾರವನ್ನು ತಿದ್ದಿಕೊಂಡು ಎರಡನೆಯ ಪೇಟೆಂಟ್ ಪಡೆದನು. ಇಂಗ್ಲೆಂಡಿನ ಅಕ್ರಾಯ್ಡ್ ಸ್ಟೂವರ್ಟ್ ಎಂಬವನು ದಪ್ಪ ಎಣ್ಣೆಯ ಇಂಜಿನನ್ನು ಅದಕ್ಕೆ ಮೊದಲೇ ತಯಾರಿಸಿದ್ದನು. ಈ ಎರಡನ್ನೂ ಮುಂದಿಟ್ಟು ವಿರೋಧಿಗಳು ಡೀಸೆಲನನ್ನು ಕೊನೆಯ ತನಕ ಕಾಡಿದರು. ಆದರೆ ಗಾಳಿಯನ್ನು ಒತ್ತಿದ ಶಾಖವೊಂದರಿಂದಲೇ ಎಣ್ಣೆ ಹೊತ್ತಿಸಿ, ಅಷ್ಟು ಮಿತವಾಗಿ ಓಡುವ ಯಂತ್ರವನ್ನು ನಿಲ್ಲಿಸಿ ತೋರಿಸಿದವನು ಅವನೇ.

ಪ್ಯಾರಿಸಿನ ನೆಲಗಡಲೆ ಎಣ್ಣೆ

ನೆಲಗಡಲೆಯ ಕಥೆ ನಡೆದದ್ದು 1900ರಲ್ಲಿ, ಅವನು ಹುಟ್ಟಿದ ಪ್ಯಾರಿಸಿನಲ್ಲಿಯೇ. ಆ ವರ್ಷ ಅಲ್ಲಿ ನಡೆದ ಜಾಗತಿಕ ವಸ್ತುಪ್ರದರ್ಶನದಲ್ಲಿ ಡೀಸೆಲ್ ಯಂತ್ರಕ್ಕೆ ಅತ್ಯುಚ್ಚ ಬಹುಮಾನ ಬಂತು. ಅಲ್ಲಿ ಒಟ್ಟೋ ಎಂಬ ಕಂಪೆನಿಯವರು ಒಂದು ಚಿಕ್ಕ ಡೀಸೆಲ್ ಯಂತ್ರವನ್ನು ನೆಲಗಡಲೆ ಎಣ್ಣೆಯಿಂದ ಓಡಿಸಿದರು. ಇದರ ಹಿಂದೆ ಇದ್ದುದು ಫ್ರೆಂಚ್ ಸರ್ಕಾರದ ಆಸಕ್ತಿ. ಆಫ್ರಿಕದ ತನ್ನ ವಸಾಹತುಗಳಲ್ಲಿ ನೆಲಗಡಲೆ ಹೇರಳವಾಗಿ ಬೆಳೆಯುತ್ತಿತ್ತು. ಅಲ್ಲಿಗೆ ಹೊರಗಿನಿಂದ ಕಲ್ಲಿದ್ದಲನ್ನೋ ಕಲ್ಲೆಣ್ಣೆಯನ್ನೋ ಸಾಗಿಸದೆ ಅಲ್ಲಿಯ ಬೆಳೆಯಿಂದಲೇ ಯಂತ್ರ ನಡೆಸಬಹುದೇ ಎಂದು ಅವರು ನೋಡಬಯಸಿದ್ದರು. ಕಲ್ಲೆಣ್ಣೆಗಾಗಿ ತಯಾರಾದ ಯಂತ್ರ ಯಾವ ಬದಲಾವಣೆಯೂ ಇಲ್ಲದೆ ಕಾಳಿನ ಎಣ್ಣೆಯಿಂದ ಓಡಿತು. ನೋಡಿದವರಲ್ಲಿ ಹೆಚ್ಚಿನವರಿಗೆ ಅದು ಗೊತ್ತೇ ಆಗಲಿಲ್ಲ.

ಡೀಸೆಲ್ ಸ್ವತಃ ಆಮೇಲೆ ಇಂಥ ಪ್ರಯೋಗಗಳನ್ನು ಮಾಡಿ ನೋಡಿದನು. ರಷ್ಯಾದಲ್ಲಿ ಹರಳೆಣ್ಣೆಯಿಂದಲೂ ಯಂತ್ರ ಓಡಿಸಿದರು. 1912ರಲ್ಲಿ ಲಂಡನಿನ ಇಂಜಿನಿಯರುಗಳ ಮುಂದೆ ಮಾತನಾಡುತ್ತ ಅವನು ಪ್ಯಾರಿಸಿನ ಆ ಘಟನೆಯನ್ನು ನೆನಪಿಸಿದನು. ಕಾಳಿನ ಎಣ್ಣೆಗೆ ಸದ್ಯ ಮಹತ್ವವಿಲ್ಲದಿದ್ದರೂ ಮುಂದೆ ಅದು ಕಲ್ಲಿದ್ದಲು, ಕಲ್ಲೆಣ್ಣೆಗಳಷ್ಟೇ ಮುಖ್ಯವಾಗಬಹುದೆಂಬ ನಂಬಿಕೆ ಅವನಿಗಿತ್ತು. ಅವನು ಇಷ್ಟನ್ನು ಹೇಳಿದ್ದು ನಿಜ. ಆದರೆ ಯಂತ್ರವನ್ನು ನೆಲಗಡಲೆ ಎಣ್ಣೆಗಾಗಿಯೇ ಕಂಡುಹಿಡಿದನೆಂಬುದು ನಿಜವಲ್ಲ.

ಕೋಟೆಯಂಥ ಮನೆ, ಬರಿದಾದ ಖಾತೆ

ಅವನ ಮೊದಲ ಆಸೆ ಬೇರೆಯೇ ಆಗಿತ್ತು. ದೊಡ್ಡ ಉಗಿಯಂತ್ರ ಕೊಳ್ಳಲಾರದ ಸಣ್ಣ ಕಸುಬುದಾರರಿಗೂ ಕುಶಲಕರ್ಮಿಗಳಿಗೂ ಶಕ್ತಿ ಒದಗಬೇಕೆಂದು ಅವನು ಬಯಸಿದ್ದನು. ಚರ್ಮದ ಕೆಲಸಗಾರನ ಮಗನಿಗೆ ಇದು ಸಹಜ. ದುಡಿಯುವವರೇ ಕೂಡಿ ಉದ್ಯಮ ನಡೆಸುವ ಸಹಕಾರದ ಬಗ್ಗೆ 1903ರಲ್ಲಿ ಪುಸ್ತಕವನ್ನೂ ಬರೆದನು. ಅದನ್ನು ಕೊಂಡವರು ಕಡಿಮೆ. ಯಂತ್ರವಾದರೋ ಭಾರವಾದದ್ದು, ದುಬಾರಿಯಾದದ್ದು. ಅದು ಹೋಗಿ ಸೇರಿದ್ದು ದೊಡ್ಡ ಕಾರ್ಖಾನೆಗಳಿಗೆ, ವಿದ್ಯುತ್ ಕೇಂದ್ರಗಳಿಗೆ, ಹಡಗುಗಳಿಗೆ. 1912ರಲ್ಲಿ ಸೆಲಾಂಡಿಯ ಎಂಬ ಡೀಸೆಲ್ ಹಡಗು ಡೆನ್ಮಾರ್ಕಿನಿಂದ ಬ್ಯಾಂಕಾಕ್ ತನಕ ಸಾಗಿ ಲೋಕದ ಗಮನ ಸೆಳೆಯಿತು. ಜಲಾಂತರ್ಗಾಮಿ ಯುದ್ಧನೌಕೆಗಳಿಗೂ ಆ ಯಂತ್ರವೇ ಬೇಕಾಯಿತು.

ಹಣವೇನೋ ಹರಿದು ಬಂತು. ಅಮೆರಿಕದ ಹಕ್ಕನ್ನು ಅಡಾಲ್ಫಸ್ ಬುಷ್ ಎಂಬ ಬಿಯರ್ ತಯಾರಕ ಹತ್ತು ಲಕ್ಷ ಮಾರ್ಕ್ ಕೊಟ್ಟು ಕೊಂಡನು. ರಷ್ಯಾದ ಹಕ್ಕನ್ನು ನೊಬೆಲ್ ಮನೆತನದವರು ಪಡೆದರು. ಡೀಸೆಲ್ ಮ್ಯೂನಿಕ್ಕಿನಲ್ಲಿ ಅರಮನೆಯಂಥ ಮನೆ ಕಟ್ಟಿಸಿದನು. ಆದರೆ ಹಣದ ವ್ಯವಹಾರ ಅವನಿಗೆ ಒಗ್ಗಲಿಲ್ಲ. ಭೂಮಿಯ ವ್ಯಾಪಾರದಲ್ಲಿಯೂ ಎಣ್ಣೆಬಾವಿಗಳಲ್ಲಿಯೂ ತೊಡಗಿಸಿದ ಹಣ ಮುಳುಗಿತು. ಪೇಟೆಂಟಿನ ವ್ಯಾಜ್ಯಗಳು ಮುಗಿಯಲಿಲ್ಲ. ಆರೋಗ್ಯವೂ ಕೆಟ್ಟು ಆಗಾಗ ಶುಶ್ರೂಷಾಲಯ ಸೇರಬೇಕಾಯಿತು.

1913ರ ಸೆಪ್ಟೆಂಬರ್ 29ರ ಸಂಜೆ, ಇಂಗ್ಲೆಂಡಿನಲ್ಲಿ ಹೊಸ ಕಾರ್ಖಾನೆಯ ಕೆಲಸಕ್ಕೆಂದು ಬೆಲ್ಜಿಯಮಿನ ಆಂಟ್‌ವರ್ಪಿನಿಂದ ಡ್ರೆಸ್ಡನ್ ಎಂಬ ಹಡಗು ಹತ್ತಿದನು. ಸಂಗಡಿಗರೊಡನೆ ಊಟ ಮಾಡಿ, ಬೆಳಗ್ಗೆ 6.15ಕ್ಕೆ ಎಬ್ಬಿಸಲು ಹೇಳಿ, ರಾತ್ರಿ ಹತ್ತರ ಸುಮಾರಿಗೆ ಕೋಣೆಗೆ ಹೋದನು. ಮರುದಿನ ಕೋಣೆಯಲ್ಲಿ ಯಾರೂ ಇರಲಿಲ್ಲ. ರಾತ್ರಿಯ ಉಡುಪು ಬಳಸದೆ ಇತ್ತು. ಅವನ ಟೋಪಿ ಮತ್ತು ಮೇಲಂಗಿ ಹಡಗಿನ ಹಿಂಭಾಗದಲ್ಲಿ ಸಿಕ್ಕಿದವು. ಸುಮಾರು ಹತ್ತು ದಿನಗಳ ಮೇಲೆ ಡಚ್ ನಾವಿಕರು ಕಡಲಲ್ಲಿ ಒಂದು ಶವ ಕಂಡು, ಜೇಬಿನಲ್ಲಿದ್ದ ಕನ್ನಡಕದ ಡಬ್ಬಿ, ಚಾಕು ಮುಂತಾದುವನ್ನು ತೆಗೆದುಕೊಂಡು, ಶವವನ್ನು ನೀರಿಗೇ ಬಿಟ್ಟರು. ಆ ವಸ್ತುಗಳನ್ನು ಗುರುತಿಸಿದವನು ಮಗ ಯೂಗನ್. ಬ್ಯಾಂಕಿನ ಖಾತೆ ಹೆಚ್ಚು ಕಡಿಮೆ ಬರಿದಾಗಿತ್ತು. ಅವನು ಪ್ರಾಣ ಕಳಕೊಂಡನೆಂದೇ ಬಹುಮಂದಿ ನಂಬಿದರು. ಕೊಲೆಯೆಂಬ ಊಹೆಗಳೂ ಹುಟ್ಟಿದವು. ಅವಕ್ಕೆ ಆಧಾರ ಸಿಕ್ಕಿಲ್ಲ. ಆಗ ಅವನಿಗೆ ವಯಸ್ಸು ಐವತ್ತೈದು.

ಬೀಜವಿಲ್ಲದ ಎಣ್ಣೆ

ಮರುವರ್ಷ, 1914ರಲ್ಲಿ, ಮೊದಲನೆಯ ಮಹಾಯುದ್ಧ ಆರಂಭವಾಯಿತು. ಹಡಗುಗಳು ಬರದೆ ಜರ್ಮನಿಯಲ್ಲಿ ಎಣ್ಣೆ ಕೊಬ್ಬುಗಳಿಗೆ ಬರಗಾಲ ಬಂತು. ಆಗ ಬರ್ಲಿನಿನ ಹುದುಗುವಿಕೆಯ ಸಂಶೋಧನಾಲಯದಲ್ಲಿದ್ದ ಪೌಲ್ ಲಿಂಡ್ನರ್ ಎಂಬ ವಿಜ್ಞಾನಿ ಬೀಜವೂ ಇಲ್ಲದ, ಗಿಡವೂ ಇಲ್ಲದ ಎಣ್ಣೆಯನ್ನು ಹುಡುಕಲು ಹೊರಟನು. ಮರದ ಕಾಂಡದಿಂದ ಒಸರುವ ರಸದಲ್ಲಿ ಬೆಳೆಯುವ, ಯೀಸ್ಟಿನಂಥ ಒಂದು ಸೂಕ್ಷ್ಮಜೀವಿ ತನ್ನ ಮೈಯಲ್ಲಿ ಕೊಬ್ಬು ತುಂಬಿಕೊಳ್ಳುವುದನ್ನು ಅವನು ಗಮನಿಸಿದ್ದನು. ಅದನ್ನು ಬೆಳೆಸಿ ಜನರಿಗೆ ತಿನ್ನುವ ಕೊಬ್ಬು ಒದಗಿಸಲು ಯತ್ನಿಸಿದರು. ದೊಡ್ಡ ಪ್ರಮಾಣದಲ್ಲಿ ಅದು ಕೈಗೂಡಲಿಲ್ಲ. ಡೀಸೆಲನ ಯಂತ್ರವನ್ನು ಯಾರೂ ಅದಕ್ಕೆ ಜೋಡಿಸಲೂ ಇಲ್ಲ. ಕಲ್ಲೆಣ್ಣೆ ಅಗ್ಗವಾಗಿ ಸಿಗುವ ಕಾಲ ಬಂದು, ಯಂತ್ರಗಳೂ ಅದಕ್ಕೆ ತಕ್ಕಂತೆ ರೂಪಗೊಂಡು, ಕಲ್ಲೆಣ್ಣೆಯ ಒಂದು ಭಾಗಕ್ಕೇ ಡೀಸೆಲ್ ಎಂಬ ಹೆಸರು ಅಂಟಿತು.

ಯೀಸ್ಟ್ ನಮಗೆ ಹೊಸದಲ್ಲ. ಕಳ್ಳು ಹುಳಿಯಾಗುವುದರಲ್ಲಿ, ಬ್ರೆಡ್ಡಿನ ಹಿಟ್ಟು ಉಬ್ಬುವುದರಲ್ಲಿ ಅದರ ಕೈವಾಡವಿದೆ. ಆ ಜಾತಿಯ ಯೀಸ್ಟು ಸಕ್ಕರೆಯನ್ನು ಮದ್ಯಸಾರವಾಗಿ ಮಾಡುತ್ತದೆ; ಎಣ್ಣೆ ಕಟ್ಟುವುದು ಅಲ್ಪ. ಎಣ್ಣೆ ಕೂಡಿಡುವ ಜಾತಿಗಳು ಬೇರೆ. ಇವುಗಳಿಗೆ ಸಕ್ಕರೆ ಧಾರಾಳವಾಗಿದ್ದು ಸಾರಜನಕ ಮುಗಿದುಹೋದರೆ, ಹೊಸ ಕೋಶಗಳನ್ನು ಕಟ್ಟಲಾರದೆ ಉಳಿದ ಸಕ್ಕರೆಯನ್ನು ಎಣ್ಣೆಯ ಹನಿಗಳಾಗಿ ಮೈಯೊಳಗೆ ಕೂಡಿಡುತ್ತವೆ. ಒಣಗಿಸಿ ತೂಗಿದರೆ ನೂರರಲ್ಲಿ 20 ಪಾಲಿಗೂ ಹೆಚ್ಚು ಎಣ್ಣೆ ಇರುವವನ್ನು ಎಣ್ಣೆಯೀಸ್ಟು ಎನ್ನುತ್ತಾರೆ. ಕೆಲವು 60 ಪಾಲನ್ನೂ ಮೀರುತ್ತವೆ. ಆ ಎಣ್ಣೆ ಗುಣದಲ್ಲಿ ನಮ್ಮ ಅಡಿಗೆಯ ಎಣ್ಣೆಗಳಂತೆಯೇ.

ಹಾಗಾದರೆ ಬಸ್ಸಿಗೇಕೆ ತುಂಬಬಾರದು? ಮೊದಲನೆಯದಾಗಿ, ಇಂಥ ಎಣ್ಣೆ ತೀರ ದಪ್ಪ. ಇಂದಿನ ಇಂಜಿನುಗಳಲ್ಲಿ ಹಾಗೆಯೇ ಸುಟ್ಟರೆ ಮಸಿ ಕಟ್ಟುತ್ತದೆ. ಮದ್ಯಸಾರದೊಡನೆ ಕ್ರಿಯೆಗೊಳಿಸಿ ಅದನ್ನು ತೆಳುವಾಗಿಸಬಹುದೆಂದು 1937ರಲ್ಲಿ ಬೆಲ್ಜಿಯಮಿನ ಶಾವಾನ್ ಎಂಬ ವಿಜ್ಞಾನಿ ಪೇಟೆಂಟ್ ಪಡೆದನು. ಮರುವರ್ಷ ತಾಳೆ ಎಣ್ಣೆಯನ್ನು ಹೀಗೆ ಮಾರ್ಪಡಿಸಿ ಬ್ರಸೆಲ್ಸಿನಿಂದ ಒಂದು ಬಸ್ಸನ್ನೂ ಓಡಿಸಿದರು. ಇಂದು ಬಯೋಡೀಸೆಲ್ ಎನ್ನುವುದು ಇದನ್ನೇ. ಎರಡನೆಯ ತೊಡಕು ಲೆಕ್ಕದ್ದು. ಐದು ಕಿಲೋ ಸಕ್ಕರೆ ತಿನ್ನಿಸಿದರೆ ಯೀಸ್ಟಿನಿಂದ ಸಿಗುವುದು ಸುಮಾರು ಒಂದು ಕಿಲೋ ಎಣ್ಣೆ. ಸಕ್ಕರೆಗೆ ಕಿಲೋಗೆ 40 ರೂಪಾಯಿ ಎಂದಿಟ್ಟರೂ ಬರಿಯ ಮೇವಿಗೇ 200 ರೂಪಾಯಿ ಬೇಕು. ಗಾಳಿ ಊದುವ ಉಕ್ಕಿನ ತೊಟ್ಟಿ, ಕೋಶ ಒಡೆದು ಎಣ್ಣೆ ತೆಗೆಯುವ ಖರ್ಚು ಬೇರೆ. ಆದುದರಿಂದ ವಿಜ್ಞಾನಿಗಳು ಕಬ್ಬಿನ ಸಿಪ್ಪೆ, ಬೈಹುಲ್ಲು, ಬಯೋಡೀಸೆಲ್ ತಯಾರಿಯಲ್ಲಿ ಉಳಿಯುವ ಗ್ಲಿಸರಿನ್ ಇಂಥ ತ್ಯಾಜ್ಯಗಳನ್ನೇ ಯೀಸ್ಟಿಗೆ ಉಣಿಸಲು ಹೆಣಗುತ್ತಿದ್ದಾರೆ.

ಈ ಶ್ರಮ ನಮಗೂ ಸಂಬಂಧಪಟ್ಟದ್ದು. ನಮ್ಮ ದೇಶ ತನಗೆ ಬೇಕಾದ ಕಲ್ಲೆಣ್ಣೆಯಲ್ಲಿ ನೂರಕ್ಕೆ ಎಂಬತ್ತು ಪಾಲಿಗೂ ಹೆಚ್ಚನ್ನು ಹೊರಗಿನಿಂದ ತರಿಸುತ್ತದೆ. ಅಡಿಗೆ ಎಣ್ಣೆಯಲ್ಲಿಯೂ ಅರ್ಧಕ್ಕಿಂತ ಹೆಚ್ಚು ಹೊರಗಿನದೇ. ನೆಲಗಡಲೆ ಎಣ್ಣೆಯನ್ನು ಇಂಜಿನಿಗೆ ಸುರಿದರೆ ಬಾಣಲೆಗೆ ಏನು? ಕರ್ನಾಟಕದಲ್ಲಿ ತಿನ್ನಲಾಗದ ಹೊಂಗೆ ಎಣ್ಣೆಯಿಂದ ಜನರೇಟರ್ ನಡೆಸಿ ನೋಡಿದ್ದು ಇದೇ ಕಾರಣಕ್ಕೆ. ಹೊಲವನ್ನೂ ಬೇಡದೆ, ಊಟದ ಎಣ್ಣೆಯನ್ನೂ ಕಸಿಯದೆ ತ್ಯಾಜ್ಯದಿಂದ ಎಣ್ಣೆ ತೆಗೆಯಬಹುದಾದರೆ, ಅದು ಡೀಸೆಲ್ 1912ರಲ್ಲಿ ಕಂಡ ನಿರೀಕ್ಷೆಗೆ ಒಂದು ಹೆಜ್ಜೆ ಹತ್ತಿರವಾದೀತು. ಅಗ್ಗದಲ್ಲಿ ಅದು ಇನ್ನೂ ಸಾಧ್ಯವಾಗಿಲ್ಲ.

ನಮ್ಮ ಮಕ್ಕಳಿಗೆ ಕನ್ನಡದಲ್ಲಿ ಓದಲು ಸಿಗುವ ವಿಜ್ಞಾನದ ಬರಹವೇ ಕಡಿಮೆ. ಇರುವುದರಲ್ಲಿ ತಪ್ಪು ನುಸುಳಿದರೆ ತಿದ್ದುವವರು ಇನ್ನೂ ಕಡಿಮೆ. ಆ ಹುಡುಗಿಗೆ ಮರುವಾರ ತರಗತಿಯಲ್ಲಿಯೇ ಉತ್ತರ ಹೇಳಿದೆವು. ಅವಳು ತನ್ನ ನೋಟುಪುಸ್ತಕದಲ್ಲಿ 1893ನ್ನು ಹೊಡೆದು ಹಾಕಿ 1900 ಎಂದು ಬರೆದುಕೊಂಡಳು. ಬರುವ ಆಗಸ್ಟ್ 10ರಂದು ಮನೆಯ ಮಕ್ಕಳು ಭಾಷಣ ಬರೆದುಕೊಡಲು ಕೇಳಿದರೆ, ಹೆತ್ತವರು ಈ ಒಂದು ವರ್ಷವನ್ನು ನೆನಪಿಟ್ಟು ಬರೆಸಬೇಕೆಂದು ನಮ್ಮ ಬಿನ್ನಹ.